ಕೇಳಿ, ಹೇಳ್ತೀನಿ: ಈ ಸಲ ಪೂರ್ತಿ ‘ದಳಪತಿ’

ಹೋದ ಸಂಚಿಕೇಲಿ ಒಬ್ರು ಗೆಳೆತನ, ಪ್ರೀತಿ, ಫೈಟು ಮೂರೂ ಸರಿಯಾಗಿ ಕೂತಿರೋ ತಮಿಳು ಸಿನಿಮಾ ಒಂದು ಹೇಳಿ ಅಂದಿದ್ರು, ನಾನು ‘ದಳಪತಿ’, 1991, ಮಣಿರತ್ನಂ ಅಂತ ಒಂದೇ ಲೈನ್ ಬರೆದು ಮುಂದಕ್ಕೆ ಹೋಗಿದ್ದೆ. ಅದಕ್ಕೆ ಬಂದಿರೋ ಪತ್ರಗಳು ನೋಡಿದ್ರೆ ಈ ವಾರ ಬೇರೆ ಯಾವ ಪ್ರಶ್ನೆಗೂ ಜಾಗ ಇಲ್ಲ, ರಾಜಕೀಯದವ್ರು, ಕ್ರಿಕೆಟ್‌ನವ್ರು ಬೇಜಾರ್ ಮಾಡ್ಕೋಬೇಡಿ.

ಸಾರ್, ಅದು ಗೆಳೆತನದ ಸಿನಿಮಾ ಅಷ್ಟೇ, ಲವ್ ಎಲ್ಲಿದೆ? ಶೋಭನಾ ಬರೋದೇ ಸ್ವಲ್ಪ ಹೊತ್ತು, ಆಮೇಲೆ ಬೇರೆಯವ್ರನ್ನ ಮದ್ವೆ ಆಗಿ ಹೋಗ್ತಾರೆ. – ಓದುಗ, ಹುಬ್ಬಳ್ಳಿ

ಹೋಗ್ತಾರೆ ನಿಜ, ಆದ್ರೆ ಎಲ್ಲಿಗೆ ಹೋಗ್ತಾರೆ ನೋಡಿ. ಕಥೆ ಗೊತ್ತಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಮದುವೆಗೆ ಮುಂಚೆ ಹುಟ್ಟಿದ ಮಗು ಅಂತ ತಾಯಿ ಗೂಡ್ಸ್ ರೈಲಲ್ಲಿ ಬಿಟ್ಟುಹೋದ ಕೂಸು ಸೂರ್ಯ (ರಜನಿಕಾಂತ್), ಕೇರಿಯಲ್ಲಿ ಬೆಳೀತಾನೆ, ಅನ್ಯಾಯ ಕಂಡ್ರೆ ಮೊದ್ಲು ಕೈ ಆಡುತ್ತೆ ಆಮೇಲೆ ಬಾಯಿ. ಹೀಗೇ ಒಬ್ಬನಿಗೆ ಹೊಡೆದಾಗ ಅವನು ಸತ್ತೇ ಹೋಗ್ತಾನೆ, ಆ ಸತ್ತವನು ಊರಿನ ದೊಡ್ಡ ದಾದಾ ದೇವನ (ಮಮ್ಮೂಟ್ಟಿ) ಕಡೆಯವನು. ದೇವ ವಿಚಾರಿಸ್ತಾನೆ, ತಪ್ಪು ತನ್ನ ಕಡೆಯವನದ್ದೇ ಅಂತ ಗೊತ್ತಾಗುತ್ತೆ, ಸೂರ್ಯನನ್ನ ಪೊಲೀಸರ ಕೈಯಿಂದ ತಾನೇ ಹೊರಗೆ ಕರ್ಕೊಂಡು ಬರ್ತಾನೆ. ಅಲ್ಲಿಂದ ಇಬ್ಬರದೂ ಒಂದೇ ಜೀವ. ಸೂರ್ಯ ಪ್ರೀತಿಸ್ತಿರೋದು ಸುಬ್ಬಲಕ್ಷ್ಮಿನ (ಶೋಭನಾ), ದೇವನೇ ಹೋಗಿ ಹೆಣ್ಣು ಕೇಳ್ತಾನೆ, ಆಚಾರವಂತ ಅಪ್ಪ ಆಗಲ್ಲ ಅಂತಾರೆ. ಅವಳ ಮದುವೆ ಆಗೋದು ಊರಿಗೆ ಬಂದ ಹೊಸ ಕಲೆಕ್ಟರ್ ಅರ್ಜುನ್ (ಅರವಿಂದ್ ಸ್ವಾಮಿ, ಅವರ ಮೊದಲನೇ ಸಿನಿಮಾ) ಜೊತೆ. ಆ ಅರ್ಜುನನ ತಾಯಿನೇ ಸೂರ್ಯನ ತಾಯಿ.

ಈಗ ಸ್ಕ್ರೀನ್‌ಪ್ಲೇ ಏನು ಮಾಡಿದೆ ಅಂತ ನೋಡಿ ಸ್ವಾಮಿ. ಸೂರ್ಯನಿಗೆ ಬದುಕಲ್ಲಿ ಏನೇನು ಬೇಕಿತ್ತೋ, ಹೆತ್ತ ತಾಯಿ, ಒಡಹುಟ್ಟಿದವನು, ಪ್ರೀತಿಸಿದ ಹುಡುಗಿ, ಎಲ್ಲಾನೂ ತಗೊಂಡು ಹೋಗಿ ಒಂದೇ ಮನೆಯೊಳಗೆ ಇಟ್ಟಿದೆ, ಆ ಮನೆ ಯಜಮಾನ ದೇವನನ್ನ ಜೈಲಿಗೆ ಹಾಕ್ಬೇಕು ಅಂತ ಪಣ ತೊಟ್ಟಿರೋ ಕಲೆಕ್ಟರ್ರು. ಸೂರ್ಯ ಆಚೆ ಕಡೆ ನಿಂತಿದ್ದಾನೆ, ಪಕ್ಕದಲ್ಲಿ ದೇವ ಒಬ್ನೇ. ಲವ್ ಇಲ್ಲ ಅಂತೀರಲ್ಲ, ಲವ್ ಅಷ್ಟು ದೊಡ್ಡದಾಗಿ ಇಲ್ದಿದ್ರೆ ಆ ಗೆಳೆತನಕ್ಕೆ ತೂಕ ಎಲ್ಲಿಂದ ಬರ್ತಿತ್ತು? ಡ್ಯೂಯೆಟ್ ಮೇಲೆ ಡ್ಯೂಯೆಟ್ ಹಾಕಿದ್ರೆ ಮಾತ್ರ ಲವ್ ಸ್ಟೋರಿ ಅಂತ ನಾನು ಒಪ್ಪಲ್ಲ.

ಇನ್ನೂ ಒಂದಿದೆ, ಇದನ್ನ ಯಾರೂ ಜಾಸ್ತಿ ಮಾತಾಡಲ್ಲ. ಸೂರ್ಯ ಕೊನೆಗೆ ಮದುವೆ ಆಗೋದು ಪದ್ಮನ್ನ (ಭಾನುಪ್ರಿಯ), ಅವನ ಕೈಯಲ್ಲೇ ಸತ್ತವನ ಹೆಂಡತಿ, ಕೈಯಲ್ಲಿ ಮಗು. ಮಾಡಿಸೋದು ದೇವ. ಅಲ್ಲಿ ಪ್ರೀತಿಗಿಂತ ತಪ್ಪು ಮಾಡಿದ ಭಾರ, ಮಗುವಿಗೊಂದು ಆಸರೆ ಅನ್ನೋದೇ ಹೆಚ್ಚು, ನಂಗಂತೂ ಇಡೀ ಸಿನಿಮಾದಲ್ಲಿ ಆ ಸಂಬಂಧನೇ ಜಾಸ್ತಿ ಕಾಡೋದು, ಭಾನುಪ್ರಿಯಗೆ ಇನ್ನೊಂದೆರಡು ಸೀನ್ ಕೊಡ್ಬೇಕಿತ್ತು ಅಂತ ಈಗ್ಲೂ ಅನ್ಸುತ್ತೆ.

ಮಹಾಭಾರತದ ಕರ್ಣ ಸಾಯ್ತಾನೆ, ಸೂರ್ಯ ಯಾಕೆ ಸಾಯಲ್ಲ? ರಜನಿ ಫ್ಯಾನ್ಸ್ ಗಲಾಟೆ ಮಾಡ್ತಾರೆ ಅಂತ್ಲಾ? – ಓದುಗರು, ತುಮಕೂರು

ಫ್ಯಾನ್ಸ್ ಲೆಕ್ಕ ಇಲ್ದೇ ರಜನಿ ಸಿನಿಮಾ ಯಾರು ಮಾಡ್ತಾರೆ ಬಿಡಿ. ಆದ್ರೆ ಕಥೆಗೂ ಅದು ಸರಿಹೋಗುತ್ತೆ. ಸೂರ್ಯ ಅಂದ್ರೆ ಕರ್ಣ, ದೇವ ಅಂದ್ರೆ ದುರ್ಯೋಧನ, ಅರ್ಜುನ ಅರ್ಜುನನೇ, ತಾಯಿ ಕಲ್ಯಾಣಿ (ಶ್ರೀವಿದ್ಯಾ) ಕುಂತಿ. ಇಲ್ಲಿ ಬದಲಾಗಿರೋದು ದುರ್ಯೋಧನ. ಅರ್ಜುನ್ ನಿನ್ನ ತಮ್ಮ ಅಂತ ಗೊತ್ತಿದ್ದೂ ನನ್ನ ಜೊತೆ ನಿಂತ್ಯಲ್ಲೋ ಅಂತ ತಿಳಿದಾಗ ದೇವ ಕರಗಿಹೋಗ್ತಾನೆ, ಹಠ ಬಿಡ್ತಾನೆ, ಶರಣಾಗೋಕೆ ರೆಡಿ ಆಗ್ತಾನೆ. ಹಾಗೆ ಬದಲಾದವನನ್ನ ಅವನ ಎದುರಾಳಿ ಕಲಿವರ್ಧನ್ (ಅಮರೀಶ್ ಪುರಿ) ಕಡೆಯವ್ರು ಕೊಲ್ತಾರೆ. ಮೂಲದಲ್ಲಿ ಗೆಳೆಯನಿಗೋಸ್ಕರ ಕರ್ಣ ಸಾಯ್ತಾನೆ, ಇಲ್ಲಿ ಗೆಳೆಯ ಸತ್ತು ಕರ್ಣ ಉಳೀತಾನೆ, ಯಾವುದು ಕಷ್ಟ ಅಂತ ನೀವೇ ಹೇಳಿ.

ನಮ್ ಕನ್ನಡದವ್ರಿಗೆ ಈ ಜೋಡಿ ಹೊಸದೇನಲ್ಲ. ಮಹಾಭಾರತದಲ್ಲಿ ಒಬ್ಬನನ್ನ ನೆನೆಯೋದಾದ್ರೆ ಕರ್ಣನನ್ನೇ ನೆನೆ ಅಂತ ಪಂಪ 10ನೇ ಶತಮಾನದಲ್ಲೇ ಹಾಡಿದ್ದಾನೆ, ಅದೂ ಅರ್ಜುನನನ್ನ ಹೀರೋ ಮಾಡಿ ಬರೆದ ಕಾವ್ಯದಲ್ಲಿ! ದುರ್ಯೋಧನನ ಹೆಂಡತಿ ಭಾನುಮತಿ ಜೊತೆ ಕರ್ಣ ಪಗಡೆ ಆಡ್ತಾ ಮುತ್ತಿನ ಹಾರ ಹರಿದ ಕಥೆ ಸ್ಕೂಲಲ್ಲಿ ಕೇಳಿರ್ತೀರ. ಹಂಗಾಗಿ ‘ದಳಪತಿ’ ನೋಡೋವಾಗ ನಮಗೆ ಸಬ್‌ಟೈಟಲ್ ಅಷ್ಟಾಗಿ ಬೇಕಾಗಲ್ಲ.

ಮೇಲುಕೋಟೆಯಲ್ಲಿ ಶೂಟಿಂಗ್ ಆಗಿದ್ದು ಇದೇ ಸಿನಿಮಾನಾ? ನಮ್ಮಪ್ಪ ಹೌದು ಅಂತಾರೆ. – ಓದುಗಳು, ಪಾಂಡವಪುರ

ನಿಮ್ಮಪ್ಪ ಹೇಳಿದ್ದು ಸರಿ. ರಾಯಗೋಪುರದ ಆ ಎತ್ತರದ ಕಂಬಗಳು, ಕಲ್ಯಾಣಿ ಮೆಟ್ಟಿಲುಗಳು ಅಲ್ಲಿಯವೇ, ‘ಸುಂದರಿ’ ಹಾಡಲ್ಲಿ ಬರೋ ಹೊಯ್ಸಳ ದೇವಸ್ಥಾನ ಸೋಮನಾಥಪುರದ್ದು. ಸಂತೋಷ್ ಶಿವನ್ ಕ್ಯಾಮೆರಾ. ಸೂರ್ಯನ ಹಿಂದೆ ಸೂರ್ಯ ಬರೋ ಹಾಗೆ ಎಷ್ಟು ಶಾಟ್ ಇಟ್ಟಿದ್ದಾರೆ ಅಂತ ಅಪ್ಪನ ಜೊತೆ ಕೂತು ಎಣಿಸಿ, ಟೈಮ್‌ಪಾಸ್ ಆಗುತ್ತೆ. ಎಡಿಟಿಂಗ್ ಮಾಡಿದ ಸುರೇಶ್ ಅರಸ್ ಕೂಡ ನಮ್ಮವ್ರೇ. ಮಣಿರತ್ನಂ ಮೊದಲನೇ ಸಿನಿಮಾನೇ ಕನ್ನಡದ್ದು, 1983ರ ‘ಪಲ್ಲವಿ ಅನುಪಲ್ಲವಿ’, ಅದು ಎಲ್ರಿಗೂ ಗೊತ್ತು.

‘ಅಣ್ಣಾವ್ರು’ ಇದರದ್ದೇ ರೀಮೇಕಾ? ಯಾವುದು ಚೆನ್ನಾಗಿದೆ? – ಓದುಗ, ಮದ್ದೂರು

ಹೌದು, 2003ರದ್ದು, ಓಂ ಪ್ರಕಾಶ್ ರಾವ್ ಡೈರೆಕ್ಷನ್. ದೇವನ ಪಾತ್ರಕ್ಕೆ ಅಂಬರೀಷ್, ಸೂರ್ಯನ ಜಾಗದಲ್ಲಿ ದರ್ಶನ್. ‘ಕಲಿಯುಗ ಕರ್ಣ’ ಅಂತ ಬಿರುದಿದ್ದ ಅಂಬಿಗೇ ದುರ್ಯೋಧನನ ಪಾತ್ರ ಸಿಕ್ಕಿದ್ದು ತಮಾಷೆ. ಎರಡನೇ ಪ್ರಶ್ನೆಗೆ ಮದ್ದೂರಿನವ್ರಿಗೆ ಉತ್ತರ ಕೊಡೋ ಧೈರ್ಯ ನಂಗಿಲ್ಲ.

‘ರಾಕ್ಕಮ್ಮ’ ಹಾಡು ವರ್ಲ್ಡ್ ನಂಬರ್ ಒನ್ ಆಗಿತ್ತಂತೆ? – ಓದುಗ, ಬಳ್ಳಾರಿ

ನಂಬರ್ ಒನ್ ಅಲ್ಲ, 2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವೀಸ್ ಮಾಡಿದ ಕೇಳುಗರ ವೋಟಿಂಗಲ್ಲಿ ನಾಲ್ಕನೇದು. ಎಸ್‌ಪಿಬಿ, ಸ್ವರ್ಣಲತಾ ಹಾಡಿದ್ದು. ನನ್ನ ವೋಟು ಮಾತ್ರ ‘ಕಾಟ್ಟುಕುಯಿಲು’ಗೆ, ಎಸ್‌ಪಿಬಿ ಮತ್ತೆ ಯೇಸುದಾಸ್ ಇಬ್ರೂ ಸೇರಿ ಹಾಡಿರೋದು, ದೋಸ್ತಿ ಅಂದ್ರೆ ಅದು. ಇಳಯರಾಜ ಮತ್ತೆ ಮಣಿರತ್ನಂ ಜೋಡಿಯ ಕೊನೇ ಸಿನಿಮಾನೂ ಇದೇ, ಮುಂದಿನ ವರ್ಷವೇ ‘ರೋಜಾ’ ಬಂತು, ರೆಹಮಾನ್ ಬಂದ್ರು.

ರಜನಿ ಇದರಲ್ಲಿ ಸ್ಟೈಲ್ ಮಾಡಿಲ್ಲ, ಆದ್ರೂ ಚೆನ್ನಾಗಿದ್ದಾರೆ, ಹೇಗೆ ಸಾರ್? – ಓದುಗಳು, ದಾವಣಗೆರೆ

ಇದಕ್ಕೆ ರಜನಿನೇ 2022ರಲ್ಲಿ ‘ಪೊನ್ನಿಯಿನ್ ಸೆಲ್ವನ್’ ಫಂಕ್ಷನ್‌ನಲ್ಲಿ ಉತ್ತರ ಹೇಳಿದ್ದಾರೆ. ತಮ್ಮ ಸ್ಟಾಕ್‌ನಲ್ಲಿದ್ದ ಎಕ್ಸ್‌ಪ್ರೆಶನ್ ಯಾವುದೂ ಮಣಿರತ್ನಂಗೆ ಹಿಡಿಸ್ತಿರ್ಲಿಲ್ಲ, ಕಮಲ್ ಹಾಸನ್‌ಗೆ ಫೋನ್ ಮಾಡಿದ್ರೆ, ಅವರನ್ನೇ ಆ್ಯಕ್ಟ್ ಮಾಡಿ ತೋರ್ಸಿ ಅನ್ನಿ, ಹಾಗೇ ಮಾಡಿ ಅಂದ್ರಂತೆ. ನಂಗೆ ಹಿಡಿಸಿದ್ದು ದೇವಸ್ಥಾನದ ಸೀನು. ತಾಯಿ ಮಗ ಇಬ್ರೂ ಒಂದೇ ಕಡೆ ಇದ್ದಾರೆ, ಪರಿಚಯ ಇಲ್ಲ, ದೂರದಲ್ಲಿ ರೈಲು ಕೂಗುತ್ತೆ, ಇಬ್ರೂ ಆ ಕಡೆ ತಿರುಗ್ತಾರೆ, ಇಬ್ಬರಿಗೂ ಅದೇ ಗೂಡ್ಸ್ ರೈಲು ನೆನಪು. ರಜನಿ ಅಲ್ಲಿ ಬರೀ ತಲೆ ತಿರುಗಿಸಿ ನೋಡ್ತಾರೆ, ಅಷ್ಟೇ, ಡೈಲಾಗ್ ಇಲ್ಲ. ಇಂಥ ರಜನಿಯನ್ನ ಆಮೇಲೆ ಬಂದ ಡೈರೆಕ್ಟರ್‌ಗಳು ಜಾಸ್ತಿ ಬಳಸ್ಕೊಳ್ಳಲೇ ಇಲ್ಲ ಅನ್ನೋದು ನನ್ನ ತಕರಾರು, ನೀವು ಒಪ್ಪಲ್ಲ ಅಂದ್ರೆ ಬರೀರಿ, ಜಗಳ ಮುಂದಿನ ಸಂಚಿಕೇಲಿ ಆಡೋಣ.