ಚೆಂಡು ಮುಟ್ಟದವರ ಲೆಕ್ಕ

ಮಗಳ ಮನೆಗೆಂದು ಹ್ಯೂಸ್ಟನ್ನಿಗೆ ಹೋಗಿರುವ ಓದುಗರೊಬ್ಬರು ಬರೆದಿದ್ದಾರೆ: "ಇಲ್ಲಿ ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುತ್ತಿದ್ದೇನೆ. ಮುಂದಿನ ಸಾಲಿನ ಐವರು ದಢೂತಿ ಆಟಗಾರರು ಚೆಂಡು ಹಿಡಿದು ಓಡುವುದಿಲ್ಲ, ಎಸೆಯುವುದಿಲ್ಲ, ಬರೀ ತಳ್ಳಾಡುತ್ತಾರೆ. ಅವರಲ್ಲಿ ದೊಡ್ಡ ಆಟಗಾರ ಯಾರೆಂದು ಹೇಗೆ ತಿಳಿಯುತ್ತದೆ?"

ಮಾನ್ಯರೇ, ತಾವಿರುವ ಊರಿನಲ್ಲೇ ಅಂಥ ಒಬ್ಬರು ಆಡಿದ್ದರು. ಬ್ರೂಸ್ ಮ್ಯಾಥ್ಯೂಸ್. 1983ರಲ್ಲಿ ಹ್ಯೂಸ್ಟನ್ ಆಯ್ಲರ್ಸ್ ತಂಡ ಸೇರಿದವರು 2001ರವರೆಗೆ 19 ಋತುಗಳಲ್ಲಿ 296 ಪಂದ್ಯ ಆಡಿದರು. ನಡುವೆ ತಂಡವೇ ಟೆನ್ನೆಸ್ಸಿಗೆ ಹೋಯಿತು, ಟೈಟನ್ಸ್ ಆಯಿತು. ಅವರೂ ಜೊತೆಗೇ ಹೋದರು.

ಆ ಸಾಲು ಹೊರಗಿನಿಂದ ಒಂದೇ ಥರ ಕಾಣುತ್ತದೆ, ಆದರೆ ಐದೂ ಬೇರೆ ಬೇರೆ ಕೆಲಸ. ನಡುವಿನ ಸೆಂಟರ್ ಬಗ್ಗಿ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು, ಆ ಕೈ ಹಿಂದೆಗೆಯುವ ಮೊದಲೇ ಎದುರಾಳಿಯ ಪೆಟ್ಟು ತಡೆಯಬೇಕು. ಯಾರು ಯಾರನ್ನು ತಡೆಯಬೇಕೆಂದು ಕೂಗಿ ಹೇಳುವವನೂ ಸಾಮಾನ್ಯವಾಗಿ ಅವನೇ. ಅವನ ಎರಡೂ ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಸಾಲಿನ ಹಿಂದೆ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನು ಬಲಗೈಯಿಂದ ಎಸೆಯುವವನಾದರೆ ಎಡಬದಿಯಿಂದ ನುಗ್ಗುವ ಎದುರಾಳಿ ಕಾಣುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವುದು ಎಡ ಟ್ಯಾಕಲ್. ಬಲದಿಂದ ಎಡಕ್ಕೆ ಬಂದರೆ ಹಿಂದಿಡುವ ಕಾಲು, ಮೊದಲು ಚಾಚುವ ಕೈ ಎಲ್ಲವೂ ಅದಲುಬದಲು. ವರ್ಷಗಟ್ಟಲೆ ಮೈಗೆ ಹತ್ತಿದ್ದನ್ನು ಬಿಟ್ಟು ಮತ್ತೆ ಕಲಿಯಬೇಕು.

ಮ್ಯಾಥ್ಯೂಸ್ ಈ ಐದೂ ಜಾಗಗಳಲ್ಲಿ ಪಂದ್ಯದ ಆರಂಭದಿಂದಲೇ ಕಣಕ್ಕಿಳಿದವರು. ಎಡ ಗಾರ್ಡ್ ಆಗಿ 99 ಪಂದ್ಯ, ಸೆಂಟರ್ ಆಗಿ 87, ಬಲ ಗಾರ್ಡ್ ಆಗಿ 67, ಬಲ ಟ್ಯಾಕಲ್ ಆಗಿ 22, ಎಡ ಟ್ಯಾಕಲ್ ಆಗಿ 17. ಒಂದೇ ಜಾಗದಲ್ಲಿ ಹೆಸರು ಮಾಡುವುದೇ ಕಷ್ಟವಾಗಿರುವಾಗ ಈ ಐದು ಅಂಕಿಗಳನ್ನು ನಾನು ಎಷ್ಟು ಸಲ ಓದಿದರೂ ಬೆರಗು ಕಡಿಮೆಯಾಗುವುದಿಲ್ಲ. ಪ್ರತಿ ಆಟಕ್ಕೂ ಮೈಗೆ ಮೈ ಡಿಕ್ಕಿ ಹೊಡೆಯುವ ಈ ಕೆಲಸದಲ್ಲಿ ಅವರು ಗಾಯದಿಂದ ಒಂದು ಪಂದ್ಯವನ್ನೂ ಕಳೆದುಕೊಳ್ಳಲಿಲ್ಲ. 1987ರಲ್ಲಿ ಕೆಲವು ಪಂದ್ಯ ಆಡದಿದ್ದುದು ಒಪ್ಪಂದದ ತಕರಾರಿನಿಂದ.

ತಮ್ಮ ಪ್ರಶ್ನೆಯ ಮುಳ್ಳು ಇರುವುದು ಇಲ್ಲೇ. 1990ರಲ್ಲಿ ಆಯ್ಲರ್ಸ್‌ನ ಕ್ವಾರ್ಟರ್‌ಬ್ಯಾಕ್ ವಾರೆನ್ ಮೂನ್ ತಮ್ಮ ಎಸೆತಗಳಿಂದ ತಂಡಕ್ಕೆ 4,689 ಗಜ ಗಳಿಸಿಕೊಟ್ಟು ಇಡೀ ಲೀಗಿಗೇ ಮೊದಲಿಗರಾದರು. ಆ ಗಜಗಳೆಲ್ಲ ಮೂನ್ ಹೆಸರಿಗೆ ಜಮೆಯಾದವು. ಅವರಿಗೆ ಎಸೆಯಲು ಬೇಕಾದ ಎರಡು-ಮೂರು ಸೆಕೆಂಡು ಗಳಿಸಿಕೊಟ್ಟವರ ಖಾತೆಗೆ ಒಂದು ಗಜವೂ ಬರಲಿಲ್ಲ. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ಆದರೆ ಎದುರು ನಿಂತು ಪೆಟ್ಟು ತಿಂದವರಿಗೆ ಗೊತ್ತಿರುತ್ತದೆ. ಋತುವಿನ ಉತ್ತಮ ಆಟಗಾರರಿಗೆ ಸಲ್ಲುವ, ಆಟಗಾರರ ಹಾಗೂ ಕೋಚ್‌ಗಳ ಮತವೂ ಎಣಿಕೆಯಾಗುವ ಪ್ರೊ ಬೌಲ್ ಗೌರವಕ್ಕೆ ಮ್ಯಾಥ್ಯೂಸ್ 1988ರಿಂದ ಸತತ 14 ಸಲ ಆಯ್ಕೆಯಾದರು. 2007ರಲ್ಲಿ, ಅರ್ಹತೆ ಸಿಕ್ಕ ಮೊದಲ ವರ್ಷವೇ, ಈ ಆಟದ ಮಹನೀಯರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆಲುವು ಮಾತ್ರ ಕೈಗೆ ಬರಲಿಲ್ಲ. 2000ದ ಜನವರಿಯ ಆ ಪಂದ್ಯದ ಕೊನೆಯ ಯತ್ನದಲ್ಲಿ ಟೈಟನ್ಸ್ ಗೋಲು ಗೆರೆಗೆ ಒಂದೇ ಗಜ ದೂರದಲ್ಲಿ ನಿಂತುಹೋಯಿತು.

ಅಟ್ಲಾಂಟಾ ಫಾಲ್ಕನ್ಸ್ ಪಂದ್ಯ ಬಂದರೆ, ಚೆಂಡನ್ನು ಮೊಮ್ಮಕ್ಕಳು ನೋಡಿಕೊಳ್ಳಲಿ. ತಾವು ಎಡತುದಿಯಲ್ಲಿ 70ರ ಅಂಗಿ ತೊಟ್ಟವರ ಕಾಲುಗಳನ್ನೇ ನೋಡಿ. 2014ರಲ್ಲಿ ಆ ತಂಡ ಸೇರಿದ ಅವರ ಹೆಸರು ಜೇಕ್ ಮ್ಯಾಥ್ಯೂಸ್, ಬ್ರೂಸ್ ಅವರ ಮಗ.

— ಸಂಪಾದಕ