ಕೈಗುಣ ಸರಿ ಇಲ್ಲ ಅಂತ ಬಂದ ಹುಡುಗಿ

ನಾನೊಬ್ಬ ಕೌನ್ಸೆಲರ್, ಇದು ನನ್ನ ಹತ್ರ ಬಂದ ಒಬ್ಬ ಹುಡುಗಿ ಕಥೆ. ಹೆಸರು ಹೇಳಲ್ಲ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಹುಡುಗಿ ಓದಿ ಸರಿ ಅಂದ್ಮೇಲೇನೇ ಇದನ್ನ ಹಾಕ್ತಿರೋದು. ವಯಸ್ಸು 26, ಮಂಡ್ಯ ಕಡೆ ಹಳ್ಳಿ, ಎಂಎಸ್ಸಿ ಬಯೋಕೆಮಿಸ್ಟ್ರಿ, ಬೆಂಗಳೂರಿನ ಒಂದು ರಿಸರ್ಚ್ ಲ್ಯಾಬಲ್ಲಿ ಎರಡು ವರ್ಷದಿಂದ ಪ್ರಾಜೆಕ್ಟ್ ಅಸೋಸಿಯೇಟ್. ಮನೇಲಿ ಎರಡು ಸೀಮೆಹಸು, ಅಪ್ಪ ಇಲ್ಲ, ಅಕ್ಕನಿಗೆ ಮದುವೆ ಆಗಿದೆ, ಭಾವ ಐಟಿ.

ಕೂತ ತಕ್ಷಣ ಹೇಳಿದ್ದು ಒಂದೇ ಮಾತು. "ಮೇಡಂ, ನನ್ ಕೈಗುಣ ಸರಿ ಇಲ್ಲ, ವೆಟ್ ಲ್ಯಾಬ್ ನಂಗಲ್ಲ, ಬಿಟ್ಬಿಡ್ತೀನಿ." ವೆಟ್ ಲ್ಯಾಬ್ ಅಂದ್ರೆ ಕೋಶ, ರಾಸಾಯನಿಕ ಇಟ್ಕೊಂಡು ಕೈಯಾರೆ ಪ್ರಯೋಗ ಮಾಡೋ ಲ್ಯಾಬ್. ನಾಲ್ಕು ತಿಂಗಳಿಂದ ವೆಸ್ಟರ್ನ್ ಬ್ಲಾಟ್ ಬರ್ತಿಲ್ವಂತೆ. ನಂಗೆ ವೆಸ್ಟರ್ನ್ ಬ್ಲಾಟ್ ಅಂದ್ರೆ ಏನೂ ಗೊತ್ತಿರ್ಲಿಲ್ಲ, ಹೇಳಿ ಅಂದೆ. ಕೋಶದಲ್ಲಿ ಒಂದು ಪ್ರೋಟೀನ್ ಇದೆಯಾ, ಎಷ್ಟಿದೆ ಅಂತ ನೋಡೋ ಪರೀಕ್ಷೆಯಂತೆ. ಕೋಶ ಒಡೆದು ಪ್ರೋಟೀನ್ ತೆಗೀಬೇಕು, ಜೆಲ್‌ನಲ್ಲಿ ಓಡಿಸ್ಬೇಕು, ಅದನ್ನ ಮೆಂಬ್ರೇನ್‌ಗೆ ಇಳಿಸ್ಬೇಕು, ಆಮೇಲೆ ಐದು ಪರ್ಸೆಂಟ್ ಹಾಲಿನ ಪುಡಿ ನೀರಲ್ಲಿ ಒಂದ್ ಗಂಟೆ ನೆನೆಸ್ಬೇಕು, ರಾತ್ರಿಯೆಲ್ಲಾ ಆಂಟಿಬಾಡಿ (ಬೇಕಾದ ಪ್ರೋಟೀನಿಗೆ ಹೋಗಿ ಅಂಟ್ಕೊಳ್ಳೋದು) ಹಾಕಿ ಕೋಲ್ಡ್ ರೂಮಲ್ಲಿ ಬಿಡ್ಬೇಕು, ಮಾರನೇ ದಿನ ತೊಳೆದು ಇನ್ನೊಂದ್ ಆಂಟಿಬಾಡಿ, ಮತ್ತೆ ತೊಳೆದು ಫೋಟೋ. ಎರಡು ದಿನ ಮೈಮುರಿದು ಮಾಡಿದ್ಮೇಲೆ ಸ್ಕ್ರೀನ್ ಮೇಲೆ ಬರೋದು ಖಾಲಿ ಬಿಳಿ, ಇಲ್ಲಾಂದ್ರೆ ಪೂರ್ತಿ ಕಪ್ಪು. ಹಾಲಿನ ಪುಡಿ ಅಂದಾಗ ಮಾತ್ರ ಸ್ವಲ್ಪ ನಕ್ಕಳು, "ಡೈರಿ ಬಿಟ್ಟು ಓದೋಕ್ ಬಂದೆ ಮೇಡಂ, ಇಲ್ಲೂ ಹಾಲು ಬಿಡ್ಲಿಲ್ಲ" ಅಂತ.

ಮೊದಲ ಸೆಷನ್‌ನಲ್ಲಿ ನಾನೊಂದು ತಪ್ಪು ಮಾಡ್ದೆ. ಭಾವ ಆಗ್ಲೇ ಪೈಥಾನ್ ಕೋಡಿಂಗ್ ಕಲಿ, ಡ್ರೈ ಲ್ಯಾಬಿಗೆ ಹೋಗು, ಲ್ಯಾಪ್‌ಟಾಪ್ ಮುಂದೆ ಕೂತು ಕೆಲ್ಸ, ಸಂಬಳಾನೂ ಜಾಸ್ತಿ ಅಂತ ಹೇಳಿದ್ರಂತೆ, ನಂಗೂ ಅದು ಸರಿ ಅನಿಸ್ತು, ಒಂದು ಬಯೋಇನ್ಫರ್ಮ್ಯಾಟಿಕ್ಸ್ ಕೋರ್ಸ್ ನೋಡಿ ಅಂದುಬಿಟ್ಟೆ. ಅವಳು ಹೂಂ ಅಂದ್ಳು. ಆ ಹೂಂ ಕೇಳಿದಾಗ್ಲೇ ನಾನು ತಡೀಬೇಕಿತ್ತು, ಮನಸ್ಸಿಲ್ಲದ ಹೂಂ ಹೇಗಿರುತ್ತೆ ಅಂತ ಇಷ್ಟು ವರ್ಷದಲ್ಲಿ ಗೊತ್ತಾಗ್ಬೇಕು ನಂಗೆ.

ಎರಡನೇ ಸಲ ಬಂದಾಗ ಬಲಗೈ ಹೆಬ್ಬೆರಳಿಗೆ ಕ್ರೇಪ್ ಬ್ಯಾಂಡೇಜು. ದ್ರವ ಅಳೆದು ಹಾಕೋ ಪಿಪೆಟ್ ಒತ್ತಿ ಒತ್ತಿ ನೋವು. ಎಷ್ಟು ದಿನದಿಂದ ಅಂದ್ರೆ "ಆರು ತಿಂಗಳಿರ್ಬೋದು ಮೇಡಂ, ಎಲ್ರಿಗೂ ಬರುತ್ತಂತೆ" ಅಂದ್ಳು. ಎಲ್ರಿಗೂ ಬರುತ್ತೆ ಅಂತ ಸುಮ್ನಿರೋದು ಬೇಡ, ಮೊದ್ಲು ಮೂಳೆ ಡಾಕ್ಟರ್ ಹತ್ರ ಹೋಗಿ ಅಂತ ಕಳಿಸ್ದೆ. ನಿದ್ದೆ, ಊಟ, ಬದುಕೋದು ಬೇಡ ಅನ್ನೋ ಯೋಚನೆ ಇವೆಲ್ಲಾ ನೇರವಾಗೇ ಕೇಳ್ದೆ, ನಿದ್ದೆ ಕಮ್ಮಿ ಇತ್ತು, ಬೇರೆ ಅಪಾಯ ಕಾಣ್ಲಿಲ್ಲ, ಆದ್ರೂ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರ್, ಬರೆದು ಕೊಟ್ಟೆ, ಇದನ್ನ ನಾನು ಎಲ್ರಿಗೂ ಕೊಡ್ತೀನಿ.

ಆವತ್ತೇ ಗೌರಿ ಹಬ್ಬದ ವಿಷ್ಯ ಬಂತು. ಹೋದ ವರ್ಷ ಹಬ್ಬಕ್ಕೆ ಊರಿಗೆ ಹೋಗೋಕಾಗ್ಲಿಲ್ಲ, ಸೆಲ್ಸ್‌ಗೆ (ಲ್ಯಾಬಲ್ಲಿ ಬೆಳೆಸೋ ಕೋಶಗಳಿಗೆ) ಮೀಡಿಯಾ, ಅಂದ್ರೆ ಅವು ಬೆಳೆಯೋ ಪೋಷಕ ದ್ರವ, ಬದಲಾಯಿಸ್ಬೇಕಿತ್ತು, ಎರಡು ದಿನ ಬಿಟ್ರೆ ತುಂಬಿಕೊಂಡು ಸಾಯ್ತವೆ. ಅವ್ವ ಫೋನಲ್ಲಿ ಕೇಳಿದ್ರಂತೆ, "ಅದ್ಕೆ ಊಟ ಹಾಕಾಕೆ ಬೇರೆ ಯಾರೂ ಇಲ್ವಾ ಮಗ?" ಅಂತ. ಇದನ್ನ ಹೇಳ್ತಾ ಅತ್ತುಬಿಟ್ಳು. ಬ್ಲಾಟ್ ವಿಷ್ಯಕ್ಕೆ ಅಳದವಳು ಇದಕ್ಕೆ ಅತ್ತಳು, ನಾನು ಪೈಥಾನ್ ವಿಷ್ಯ ಅಲ್ಲಿಗೇ ಬಿಟ್ಟೆ.

ಮೂರು ವಾರ ಒಂದು ಡೈರಿ ಬರೀರಿ ಅಂದೆ. ಲ್ಯಾಬ್ ನೋಟ್‌ಬುಕ್ ಅಲ್ಲ, ಬೇರೆದು. ದಿನಾ ಮೂರು ಸಾಲು: ಕೈ ಏನು ಮಾಡ್ತು, ಏನು ಕೆಟ್ಟಿತು, ಯಾಕೆ ಕೆಟ್ಟಿತು ಅಂತ ಗೊತ್ತಾ. ಯಾವ ಹೊತ್ತಲ್ಲಿ ಗಡಿಯಾರ ನೋಡೋದು ಮರೆತೋಯ್ತು ಅಂತಾನೂ ಬರೀರಿ ಅಂದಿದ್ದೆ.

18 ಕೆಲಸದ ದಿನ, ಅದ್ರಲ್ಲಿ 11 ದಿನ ಕೆಟ್ಟ ದಿನ ಅಂತ ಬರ್ಕೊಂಡು ಬಂದ್ಳು. ಇಬ್ರೂ ಕೂತು ಒಂದೊಂದೇ ನೋಡಿದ್ವಿ. ಆರು ದಿನ ಅವಳ ಕೈಗೂ ಕೆಟ್ಟಿದ್ದಕ್ಕೂ ಸಂಬಂಧಾನೇ ಇಲ್ಲ, ಆಂಟಿಬಾಡಿ ತರಿಸೋ ಇಂಡೆಂಟ್ (ಖರೀದಿ ಅರ್ಜಿ) ಸೈನ್ ಆಗದೆ ಕೂತಿದೆ, ಫೋಟೋ ತೆಗೆಯೋ ಮೆಷಿನ್ ರಿಪೇರಿ, ಹುಡ್ (ಸೆಲ್ಸ್ ಕೆಲ್ಸಕ್ಕೆ ಕೂರೋ ಸ್ವಚ್ಛ ಗಾಳಿಯ ಗೂಡು) ಬುಕ್ ಮಾಡಿದ್ದನ್ನ ಸೀನಿಯರ್ ಕಿತ್ಕೊಂಡ. ಎರಡು ದಿನ ನಿಜವಾಗ್ಲೂ ಅವಳದ್ದೇ ತಪ್ಪು, ಒಂದ್ಸಲ ಜೆಲ್ಲು ಮೆಂಬ್ರೇನು ಉಲ್ಟಾ ಇಟ್ಟು ಪ್ರೋಟೀನ್ ಎಲ್ಲಾ ಬಫರ್‌ಗೆ ಹೋಗಿದೆ. ಉಳಿದ ಮೂರು ದಿನದ ಮುಂದೆ "ಗೊತ್ತಿಲ್ಲ" ಅಂತ ಬರೆದಿದ್ಳು. ಗಡಿಯಾರ ಮರೆತ ಹೊತ್ತು ಅಂದ್ರೆ ಹನ್ನೆರಡು ಕಡೆ ಒಂದೇ ಉತ್ತರ: ಸೆಲ್ಸ್ ಬೆಳೆಸೋ ಕಲ್ಚರ್ ರೂಮು. ಬೆಳಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ಪ್ಲೇಟ್ ತಗೊಂಡು ಮೈಕ್ರೋಸ್ಕೋಪ್ ಕೆಳಗಿಟ್ಟು, ಇವತ್ತು ಇವು ಖುಷಿಯಾಗಿವೆ ಅಂತ ನೋಡೋದು. ಇಂಥವಳನ್ನ ನಾನು ಕೋಡಿಂಗಿಗೆ ಕಳಿಸೋಕೆ ಹೊರಟಿದ್ದೆ.

ಆ "ಗೊತ್ತಿಲ್ಲ" ಅನ್ನೋ ಮೂರು ದಿನದ ಬಗ್ಗೆ ಅವಳನ್ನೇ ಕೇಳ್ದೆ, ಗೊತ್ತು ಮಾಡ್ಕೊಳ್ಳೋಕೆ ದಾರಿ ಏನು ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು "ಮೈಕೋಪ್ಲಾಸ್ಮಾ ಟೆಸ್ಟ್ ಮಾಡಿಸ್ಬೋದಿತ್ತು, ನಮ್ ಲ್ಯಾಬಲ್ಲಿ ನಾನ್ ಬಂದ್ಮೇಲೆ ಒಂದ್ಸಲಾನೂ ಮಾಡಿಲ್ಲ" ಅಂದ್ಳು. ಅದೊಂದು ಬ್ಯಾಕ್ಟೀರಿಯಾವಂತೆ, ಕೋಶಭಿತ್ತಿನೇ ಇರಲ್ಲ, ಹಾಗಾಗಿ ಮೀಡಿಯಾಗೆ ಹಾಕೋ ಪೆನಿಸಿಲಿನ್ ಅದಕ್ಕೆ ತಾಗಲ್ಲ, ಸಾಮಾನ್ಯ ಮೈಕ್ರೋಸ್ಕೋಪಲ್ಲಿ ಕಾಣಲ್ಲ, ಮೀಡಿಯಾ ಕದಡೋದೂ ಇಲ್ಲ, ಸೆಲ್ಸ್ ನೋಡೋಕೆ ಚೆನ್ನಾಗೇ ಇರ್ತವೆ, ರಿಸಲ್ಟ್ ಮಾತ್ರ ಒಂದು ದಿನದ ಹಾಗೆ ಇನ್ನೊಂದು ದಿನ ಇರಲ್ಲ. ಹಾಗಾದ್ರೆ ಯಾಕೆ ಕೇಳ್ಲಿಲ್ಲ ಅಂದೆ. "ಸರ್ ಏನಂದ್ಕೋತಾರೋ ಅಂತ." ಸರ್ ಅಂದ್ರೆ ಲ್ಯಾಬ್ ಮುಖ್ಯಸ್ಥರು. ಹಳ್ಳಿಯಿಂದ ಬಂದ ಮಕ್ಕಳಲ್ಲಿ ನಾನಿದನ್ನ ತುಂಬಾ ನೋಡಿದೀನಿ, ಕೇಳಿದ್ರೆ ದಡ್ಡರು ಅಂದ್ಕೋತಾರೆ ಅಂತ ತಪ್ಪನ್ನ ತಮ್ಮ ತಲೆ ಮೇಲೇ ಹಾಕ್ಕೊಳ್ಳೋದು. ಸರ್‌ಗೆ ಹೇಗೆ ಕೇಳೋದು ಅಂತ ಅಲ್ಲೇ ರಿಹರ್ಸಲ್ ಮಾಡಿದ್ವಿ, ನಾನು ಸರ್ ಆದೆ. ಕ್ಷಮೆ ಕೇಳ್ತಾ ಶುರು ಮಾಡೋದು ಬೇಡ, ಡೇಟ್ ಹಾಕಿದ ಪಟ್ಟಿ ತೋರ್ಸಿ, ಟೆಸ್ಟಿಗೆ ಎಷ್ಟು ಖರ್ಚು ಅಂತ ಮೊದ್ಲೇ ತಿಳ್ಕೊಂಡು ಹೋಗಿ ಅಂದೆ.

ಅವಳು ಬೆಳೆಸೋದು ಹೆಕ್ 293 ಅನ್ನೋ ಕೋಶ. 1973ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಶುರುವಾಗಿದ್ದು, "ನಮ್ಮವ್ವನಿಗಿಂತ ವಯಸ್ಸಾಗಿದೆ ಮೇಡಂ ಅದಕ್ಕೆ" ಅಂತಾಳೆ. 293 ಯಾಕೆ ಅಂದ್ರೆ ಫ್ರಾಂಕ್ ಗ್ರಹಾಂ ಅನ್ನೋರ 293ನೇ ಪ್ರಯೋಗದಲ್ಲಿ ಅದು ಬಂತಂತೆ. ಹಾಗಾದ್ರೆ 292 ಫೇಲಾ ಅಂತ ನಾನು ಉತ್ಸಾಹದಲ್ಲಿ ಕೇಳ್ದೆ, ನಮ್ಮಂಥ ಕೌನ್ಸೆಲರ್‌ಗಳಿಗೆ ಇಂಥ ಕಥೆ ಅಂದ್ರೆ ಹಬ್ಬ ಅಲ್ವಾ. ಅವಳೇ ತಿದ್ದಿದ್ಳು: "ಇಲ್ಲ ಮೇಡಂ, ಅವ್ರು ಮಾಡಿದ್ದಕ್ಕೆಲ್ಲಾ ನಂಬರ್ ಹಾಕ್ತಾ ಹೋಗಿದ್ರು ಅಷ್ಟೆ." ನಾನು ತೆಪ್ಪಗಾದೆ. ನೀವೂ ನಂಬರ್ ಹಾಕಿ, ಪಾಸು ಫೇಲು ಬರೀಬೇಡಿ ಅಂದೆ, ಅದೊಂದು ಅವಳಿಗೆ ಹಿಡಿಸ್ತು.

ಟೆಸ್ಟ್ ಮಾಡಿಸಿದ್ರು. ಅವಳು ಬಳಸ್ತಿದ್ದ ಎರಡು ಸೆಲ್ ಲೈನಲ್ಲಿ, ಅಂದ್ರೆ ಎರಡು ಬಗೆ ಕೋಶದಲ್ಲಿ, ಒಂದು ಪಾಸಿಟಿವ್. ಬಿಸಾಡಿ ಹೊಸ ವಯಲ್ (ಕೋಶ ತುಂಬಿದ ಸಣ್ಣ ಸೀಸೆ) ತರಿಸಿದ್ರು. ಇನ್ನೊಂದು ಲೈನ್ ನೆಗೆಟಿವ್, ಅದರ ಬ್ಲಾಟ್ ಈಗ್ಲೂ ಒಂದ್ಸಲ ಬಂದ್ರೆ ಇನ್ನೊಂದ್ಸಲ ಕೈಕೊಡುತ್ತೆ. ಸಿನಿಮಾ ಥರ ಎಲ್ಲಾ ಸರಿಹೋಗ್ಲಿಲ್ಲ.

ಅವ್ವನ ಜೊತೆ ಮಾತಾಡ್ಬೇಕಾ ಅಂತ ಕೇಳಿ, ಅವಳು ಒಪ್ಪಿದ್ಮೇಲೆ ಸ್ಪೀಕರ್ ಫೋನಲ್ಲಿ ಮಾತಾಡಿದ್ವಿ. ಭಾನುವಾರ ಯಾಕೆ ಲ್ಯಾಬಿಗೆ ಹೋಗ್ಬೇಕು, ಅವ್ವನಿಗೆ ನೀವೇ ಹೇಳಿ ಅಂದೆ. ಇನ್‌ಕ್ಯುಬೇಟರು, 37 ಡಿಗ್ರಿ, ಐದು ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಅಂತ ಶುರು ಮಾಡಿದ್ಳು, ಅವ್ವ "ಹೂಂ, ಹೂಂ" ಅಂತಿದ್ರು. ಆಮೇಲೆ ಇದ್ದಕ್ಕಿದ್ದ ಹಾಗೆ "ಅವ್ವ, ಚಿಕ್ಕಮ್ಮನ ಮಗನ ಮದ್ವೆಗೆ ನೀನ್ಯಾಕೆ ರಾತ್ರಿ ಉಳ್ಕಳ್ಲಿಲ್ಲ?" ಅಂದ್ಳು. "ಹಾಲ್ ಕರಿಯೋರ್ ಯಾರು ಮಗ?" "ನಂದೂ ಅದೇ ಅವ್ವ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅಂಗನ್ನು ಮತ್ತೆ, ಮೊದ್ಲೇ ಯೋಳದಲ್ವಾ" ಅಂದ್ರು. ಬ್ಲಾಟ್ ಬರ್ತಿಲ್ಲ, ಕೈಗುಣ ಸರಿ ಇಲ್ಲ ಅನ್ನೋದನ್ನೂ ಹೇಳ್ಕೊಂಡ್ಳು. ಅದಕ್ಕೆ ಅವ್ವ ಹೇಳಿದ್ದನ್ನ ನಾನು ನನ್ನ ನೋಟ್ಸಲ್ಲಿ ಹಾಗೇ ಬರ್ಕೊಂಡಿದೀನಿ: "ಡೈರೀಲಿ ಡಿಗ್ರಿ ಕಮ್ಮಿ ಬಂತು ಅಂದ್ರೆ ಮೇವು ನೋಡ್ತೀವಿ, ಕ್ಯಾನ್ ನೋಡ್ತೀವಿ, ಕರ್ದೋಳ್ ಕೈನ ಯಾರ್ ಬೈದಾರು." ಡಿಗ್ರಿ ಅಂದ್ರೆ ಹಾಲಿನ ಗಟ್ಟಿತನದ ಅಳತೆ. ಫೀಸ್ ತಗೊಂಡೋಳು ನಾನು, ಕೆಲಸ ಮಾಡಿದ್ದು ಆ ಹೆಂಗಸು.

ಇನ್ನು ನಾನು ಕೊಟ್ಟ ಸಲಹೆ. ವೆಟ್ ಲ್ಯಾಬ್ ಬಿಡೋದಾ ಬೇಡ್ವಾ ಅನ್ನೋದು ಒಂದು, ಈ ಲ್ಯಾಬ್ ಬಿಡೋದಾ ಅನ್ನೋದು ಇನ್ನೊಂದು, ಎರಡನ್ನೂ ಸೇರಿಸಿ ಕಲಸ್ಕೊಂಡು ಬಂದಿದ್ದೀರ ಅಂದೆ. ಪ್ರಾಜೆಕ್ಟ್ ಹುದ್ದೆ ವರ್ಷ ವರ್ಷಕ್ಕೆ ರಿನ್ಯೂ ಆಗೋದು, ಫಂಡ್ ಮುಗಿದ್ರೆ ಮನೆಗೆ, ಅದನ್ನ ನಂಬ್ಕೊಂಡು ಮೂರನೇ ವರ್ಷಕ್ಕೆ ಕಾಲಿಡೋದು ಬೇಡ. ಸಿಎಸ್‌ಐಆರ್ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ವರ್ಷಕ್ಕೆ ಎರಡು ಸಲ ಇರುತ್ತೆ, ಒಂದು ಸಲ ಸರಿಯಾಗಿ ಓದಿ ಬರೀರಿ. ಅದ್ರಲ್ಲಿ ಒಳ್ಳೆ ರ್ಯಾಂಕ್ ಬಂದ್ರೆ ಸಂಶೋಧನೆಗೆ ಕೊಡೋ ಫೆಲೋಶಿಪ್ ಜೆಆರ್‌ಎಫ್, 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಅದರ ಮುಂದಿನ ಹಂತ ಎಸ್‌ಆರ್‌ಎಫ್ ಆದ್ರೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಿ ಅವ್ವನಿಗೂ ಕಳಿಸಿದ್ರೆ ಉಳಿಯೋದು ಅಷ್ಟಕ್ಕಷ್ಟೇ, ಪಿಎಚ್‌ಡಿ ಅಂದ್ರೆ ಐದಾರು ವರ್ಷ, ಅಷ್ಟೊತ್ತಿಗೆ 32 ಆಗಿರುತ್ತೆ, ಮದುವೆ ಮಾತು ಮನೇಲಿ ಬಂದೇ ಬರುತ್ತೆ, ಅದನ್ನ ಈಗ್ಲೇ ಅವ್ವನ ಜೊತೆ ಮಾತಾಡಿ, ಆಮೇಲೆ ನೋಡೋಣ ಅನ್ಬೇಡಿ ಅಂದೆ.

ಪಿಎಚ್‌ಡಿಗೆ ಲ್ಯಾಬ್ ಆರಿಸೋವಾಗ ಟಾಪಿಕ್ ನೋಡೋಕೆ ಮುಂಚೆ ಅಲ್ಲಿರೋ ಮೂರನೇ ನಾಲ್ಕನೇ ವರ್ಷದ ಹುಡುಗರನ್ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಕೇಳಿ ಅಂದೆ. ಇಲ್ಲಿಂದ ಎಷ್ಟು ಜನ ಮುಗಿಸಿದ್ರು, ಎಷ್ಟು ವರ್ಷಕ್ಕೆ, ಈಗೆಲ್ಲಿದ್ದಾರೆ, ಒಂದು ಆಂಟಿಬಾಡಿ ಬರೋಕೆ ಎಷ್ಟು ವಾರ ಆಗುತ್ತೆ, ಭಾನುವಾರ ಸೆಲ್ಸ್ ಯಾರು ನೋಡ್ಕೋತಾರೆ. ಮಾತಾಡೋಕೆ ಮುಂಚೆ ಆ ಕಡೆ ಈ ಕಡೆ ನೋಡಿದ್ರೆ ಅಲ್ಲಿ ಸೇರ್ಬೇಡಿ.

ಇನ್ನೊಂದು ದಾರಿ ಕಂಪನಿ. ಸ್ತನ ಕ್ಯಾನ್ಸರ್‌ಗೆ ಕೊಡೋ ಟ್ರಾಸ್ಟುಜುಮ್ಯಾಬ್ ಥರದ ಔಷಧ ಮಾಡೋದೇ ಕೋಶದಲ್ಲಿ, ಚೀನಾದ ಹ್ಯಾಮ್‌ಸ್ಟರ್ ಅನ್ನೋ ಇಲಿ ಜಾತಿ ಪ್ರಾಣಿಯ ಅಂಡಾಶಯದಿಂದ ಬಂದ ಸಿಎಚ್‌ಒ ಕೋಶ. 1978ರಲ್ಲಿ ಪಪ್ಪಾಯಿ ಎನ್ಜೈಮ್ ಮಾಡ್ತಾ ಶುರುವಾದ ಬಯೋಕಾನ್ ಇವತ್ತು ಇಂಥ ಔಷಧ ಮಾಡುತ್ತೆ. ಸೆಲ್ಸ್ ನೋಡ್ಕೊಳ್ಳೋ ಕೈಗೆ ಬೆಂಗಳೂರಲ್ಲಿ ಕೆಲ್ಸ ಇದೆ. ಆದ್ರೆ ಅಲ್ಲಿ ಹೊಸದು ಹುಡುಕೋದಿಲ್ಲ, ಕೆಲಸದ ಕ್ರಮ ಬರೆದಿಟ್ಟಿರೋ ಎಸ್‌ಒಪಿಯಲ್ಲಿ ಏನಿದೆಯೋ ಅದನ್ನೇ ಪ್ರತಿಸಲ ಹಾಗೇ ಮಾಡ್ಬೇಕು, ಪ್ರತಿ ಹೆಜ್ಜೆಗೂ ಟೈಮ್ ಹಾಕಿ ಸೈನ್, ಶಿಫ್ಟ್ ಇರುತ್ತೆ, ಮೈಪೂರ್ತಿ ಗೌನ್ ಹಾಕಿ ಒಳಗೆ ಹೋದ್ರೆ ನೀರು ಕುಡಿಯೋಕೂ ಹೊರಗೆ ಬರ್ಬೇಕು. ನಮ್ಮಲ್ಲಿ ಪಿಎಚ್‌ಡಿ ಅಂದ್ರೆ ದೊಡ್ಡದು, ಫ್ಯಾಕ್ಟರಿ ಅಂದ್ರೆ ಸಣ್ಣದು ಅನ್ನೋ ಭಾವನೆ ಇದೆ, ಅದು ಶುದ್ಧ ತಪ್ಪು ಅಂತ ನನ್ನ ಅಭಿಪ್ರಾಯ. ಅವಳಿಗೆ ಅದು ಆಗಿಬರುತ್ತಾ ಅಂತ ನಂಗೆ ಗೊತ್ತಿಲ್ಲ, ಆ ಕೆಲ್ಸ ಮಾಡ್ತಿರೋ ಇಬ್ಬರ ಹತ್ರ ಅವಳೇ ಹೋಗಿ ಮಾತಾಡ್ಲಿ ಅಂತ ಕಳಿಸ್ದೆ.

ಮನೆಗೆ ಹೋಗೋ ವಿಷ್ಯಕ್ಕೆ ದೊಡ್ಡ ಪರಿಹಾರ ಏನೂ ಬೇಕಿರ್ಲಿಲ್ಲ. ಪಕ್ಕದ ಬೆಂಚಿನ ಮಲಯಾಳಿ ಹುಡುಗನ ಜೊತೆ ಪಾಳಿ ಮಾಡ್ಕೊಂಡ್ಳು, ಹೊಸ ಸೆಲ್ಸ್ ಬಂದಾಗ ಒಂದಷ್ಟು ವಯಲ್ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಟ್ಟುಬಿಟ್ಳು, ಮೈನಸ್ 196 ಡಿಗ್ರೀಲಿ ಅವಕ್ಕೆ ಊಟಾನೂ ಬೇಡ ಏನೂ ಬೇಡ. ಬ್ಲಾಟ್ ಸೋಮವಾರ ಶುರು, ಶುಕ್ರವಾರ ಶುರು ಮಾಡೋ ಹಾಗಿಲ್ಲ ಅಂತ ತಾನೇ ನಿಯಮ ಹಾಕ್ಕೊಂಡಿದ್ದಾಳೆ. ಹೆಬ್ಬೆರಳಿಗೆ ಡಾಕ್ಟರ್ ಸ್ಪ್ಲಿಂಟ್ ಕೊಟ್ಟಿದ್ದಾರೆ, ಲ್ಯಾಬಲ್ಲಿ ಯಾರೂ ಬಳಸದೆ ಬಿದ್ದಿದ್ದ ಎಲೆಕ್ಟ್ರಾನಿಕ್ ಪಿಪೆಟ್ ಒಂದನ್ನ ಹುಡುಕಿ ಚಾರ್ಜ್ ಹಾಕಿದ್ದಾಳೆ.

ಓಣಂಗೆ ಆ ಹುಡುಗ ಊರಿಗೆ ಹೋದಾಗ ಇವಳು ಅವನ ಪ್ಲೇಟ್ ನೋಡ್ಕೊಂಡ್ಳು, ಗೌರಿ ಹಬ್ಬಕ್ಕೆ ಅವನು ಇವಳದ್ದು. ಊರಿಂದ ಮೆಸೇಜ್ ಬಂತು, ಅವ್ವ ಬಾಗಿನ ಕೊಟ್ರು, ಸಂಜೆ ಹಾಲು ನಾನೇ ಕರೆದೆ, ಹೆಬ್ಬೆರಳು ನೋವಾಯ್ತು ಅಂತ. ಡಾಕ್ಟರ್ ರೆಸ್ಟ್ ಹೇಳಿದ್ದಾರಲ್ವಾ ಅಂತ ಬೈದು ರಿಪ್ಲೈ ಹಾಕ್ದೆ. ನೆಟ್ ಫಾರಂ ತುಂಬಿದ್ದಾಳೆ, ಒಂದು ಕಂಪನಿಗೂ ಅಪ್ಲಿಕೇಶನ್ ಹಾಕಿದ್ದಾಳೆ. ಮುಂದಿನ ಸೆಷನ್ ಪರೀಕ್ಷೆ ಆದ್ಮೇಲೆ.