‘ದಿ ಹನಿಮೂನರ್ಸ್’ ಅಷ್ಟು ಹಳೇ ಅಮೆರಿಕನ್ ಸಿಟ್‌ಕಾಮ್, ಅಂದರೆ ಟಿವಿ ಹಾಸ್ಯ ಧಾರಾವಾಹಿ. ಇವತ್ತಿಗೂ ಯಾಕೆ ಇಷ್ಟವಾಗುತ್ತದೆ?

ನನ್ನನ್ನು ಹಿಡಿದು ಕೂರಿಸಿದ್ದು ಆ ಅಡುಗೆಮನೆ. ಬ್ರೂಕ್ಲಿನ್‌ನ ಬಸ್ ಡ್ರೈವರ್ ರಾಲ್ಫ್, ಹೆಂಡತಿ ಆಲಿಸ್, ಒಂದು ಮೇಜು, ಹಳೇ ಐಸ್ ಪೆಟ್ಟಿಗೆ. ಚಾಮರಾಜಪೇಟೆಯ ವಠಾರದಲ್ಲಿ ಬೆಳೆದವನಿಗೆ ಇದು ಅಮೆರಿಕ ಅಂತ ಅನ್ನಿಸುವುದೇ ಇಲ್ಲ! ಮೇಲ್ಮನೆಯ ನಾರ್ಟನ್ ಚರಂಡಿ ಕೆಲಸದವನು. ಕರೆಯದೇ ಬರುತ್ತಾನೆ, ಥೇಟ್ ನಮ್ಮ ಪಕ್ಕದ್ಮನೆಯವರ ಹಾಗೆ.

ರಾಲ್ಫ್ ದಿಢೀರ್ ದುಡ್ಡು ಮಾಡೋ ಪ್ಲಾನ್ ಹಾಕುತ್ತಾನೆ, ಕೈ ಸುಟ್ಟುಕೊಳ್ಳುತ್ತಾನೆ, ಕೂಗಾಡುತ್ತಾನೆ. ಆಲಿಸ್ ಸುಮ್ನೆ ನಿಂತು, ಒಂದೇ ಮಾತಲ್ಲಿ ಅವನ ಗಾಳಿ ತೆಗೆಯುತ್ತಾಳೆ. ನಗು ಹುಟ್ಟುವುದು ಅಲ್ಲೇ. ದುಡ್ಡಿಲ್ಲದ ಮನೆಯಲ್ಲಿ ಜಗಳಕ್ಕೂ ಬೇರೆ ರೂಮ್ ಇರಲ್ಲ ಅಲ್ವಾ? ಕೊನೆಗೆ ಅವನೇ ಸೋತು ಅವಳನ್ನು ಅಪ್ಪಿಕೊಳ್ಳುತ್ತಾನೆ.

ಹೆಂಡತಿಗೆ ಮುಷ್ಟಿ ತೋರಿಸಿ ಹೆದರಿಸುವುದು ಮಾತ್ರ ಈಗ ಮುಜುಗರ ತರುತ್ತದೆ. ಶುರು ಮಾಡುವುದಾದರೆ 1955-56ರ 39 ಕಂತು ನೋಡಿ.